ನಿಂತ ಚೌಕವನ್ನೂ ಎಣಿಸಿದ ಟೀಚರು

ಒಂದನೇ ತರಗತಿಯ ಟೀಚರಿಗೆ ಎಣಿಸುವುದೊಂದು ಚಟ. ಬಟ್ಟೆ ಒಣಹಾಕಿದರೆ ಕ್ಲಿಪ್ಪು ಎಣಿಸುತ್ತಿದ್ದರು. ಬಸ್ಸಿಗೆ ಕಾಯುವಾಗ ಎದುರು ಮನೆಯ ಕಿಟಕಿಯ ಸರಳು ಎಣಿಸುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಲೆಕ್ಕದಮ್ಮ. ಮನೆಯಲ್ಲಿ ಮಾತ್ರ ಆ ಹೆಸರಿಗೆ ಬೆಲೆಯಿರಲಿಲ್ಲ. ಮಹಡಿಗೆ ಹನ್ನೆರಡು ಮೆಟ್ಟಿಲು ಎಂದು ಇವರು, ಹನ್ನೊಂದೇ ಎಂದು ಯಜಮಾನರು. ಮದುವೆಯಾದಾಗಿನಿಂದ ಇದು ಬಗೆಹರಿಯದ ವ್ಯಾಜ್ಯ.

"ನಿಂತ ನೆಲವನ್ನೂ ಮೆಟ್ಟಿಲು ಅಂತ ಎಣಿಸ್ತೀಯಲ್ಲೇ!"

"ಹತ್ತೋಕೆ ಶುರು ಮಾಡೋದು ಅಲ್ಲಿಂದಲೇ ತಾನೇ? ಅದೇನು ಪಾಪ ಮಾಡಿತ್ತು?"

ಒಂದು ಸೋಮವಾರ ಶಾಲೆಗೆ ಆಟಿಕೆ ಆಮೆಯೊಂದು ಬಂತು. ಹೊಟ್ಟೆಯ ಕೆಳಗೆ ಚಕ್ರ, ಬೆನ್ನ ಮೇಲೆ ಬಾಣದ ಗುಂಡಿಗಳು. ಬಾಣವನ್ನು ಎಷ್ಟು ಸಲ ಒತ್ತಿ ಹಸಿರು ಗುಂಡಿ ಅದುಮಿದರೆ ಅಷ್ಟು ಚೌಕ ಮುಂದಕ್ಕೆ ನಡೆಯುತ್ತದೆ. ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ತರಿಸಿದ್ದು. ಟೀಚರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಐದು ಚೌಕ ಬರೆದು, ಮೊದಲನೆಯದರಲ್ಲಿ ಆಮೆಯನ್ನೂ ಕೊನೆಯದರಲ್ಲಿ ಒಂದು ಎಲೆಯನ್ನೂ ಇಟ್ಟು, ಐದು ಸಲ ಒತ್ತಿಸಿದರು. ಆಮೆ ಎಲೆಯನ್ನು ತುಳಿದುಕೊಂಡು ಮುಂದೆ ಹೋಯಿತು.

ಮೊದಲ ದಿನ, ಬ್ಯಾಟರಿ ಹೊಸದು, ಹುರುಪು ಜಾಸ್ತಿ ಎಂದರು. ಮರುದಿನ ನೆಲವೇ ಇಳಿಜಾರು ಎಂದರು. ಮೂರನೆಯ ದಿನ, "ಇದಕ್ಕೆ ಹೊಟ್ಟೆ ತುಂಬಿದೆ, ಎಲೆ ಬೇಡವಂತೆ!" ಎಂದರು. ಮಕ್ಕಳು ಹೌದೆಂದು ತಲೆಯಾಡಿಸಿದವು. ಟೀಚರಿಗೂ ಆಮೆಗೂ ಜಗಳ ಬಿದ್ದರೆ ಯಾರ ಕಡೆ ನಿಲ್ಲುವುದು ಕ್ಷೇಮ ಎಂಬುದು ಆರು ವರ್ಷದವರಿಗೂ ಗೊತ್ತು.

ತಲೆಯಾಡಿಸದವಳು ಒಬ್ಬಳೇ. ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಎಣಿಸು ಎಂದರೆ ನೆಲ ನೋಡುತ್ತಿದ್ದಳು. ಬಿಚ್ಚಿಹೋದ ಜಡೆ ಕಟ್ಟಿಸಿಕೊಳ್ಳಲು ಮಾತ್ರ ದಿನಾ ಟೀಚರ ಮುಂದೆ ಬೆನ್ನು ಹಾಕಿ ನಿಲ್ಲುತ್ತಿದ್ದಳು.

"ಇನ್ನೊಂದು ವರ್ಷ ಒಂದರಲ್ಲೇ ಕೂರಲಿ ಬಿಡಿ" ಎಂದಿದ್ದರು ಹೆಡ್‌ಮಾಸ್ಟರು.

"ಅವಳಿಗೆ ಎಲ್ಲಾ ಬರುತ್ತೆ ಸಾರ್."

"ನಿಮಗೆ ಗೊತ್ತಿದ್ದರೆ ಸಾಕಾ? ಶುಕ್ರವಾರ ಬರ್ತೀನಿ, ನನಗೂ ತೋರಿಸಿ."

ಶುಕ್ರವಾರ ಬಂದರು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಹೇಗೋ ತೂರಿಕೊಂಡು, ಚೌಕಗಳ ಸಾಲಿನ ತುದಿಯಲ್ಲೇ ಕೂತರು. ಹುಡುಗಿಗೆ ಧೈರ್ಯ ಬರಲೆಂದು ಟೀಚರು ತಾವೇ ಮೊದಲು ಐದು ಸಲ ಒತ್ತಿದರು. ಆಮೆ ಎಲೆ ದಾಟಿ ಹೆಡ್‌ಮಾಸ್ಟರ ಬೂಟಿಗೆ ಹೋಗಿ ಗುದ್ದಿತು.

"ಬ್ಯಾಟರಿ ಸರಿಯಿಲ್ಲ ಅನ್ಸುತ್ತೆ ಟೀಚರೇ" ಎಂದು ಅವರು ಕಾಲೆತ್ತಿಕೊಂಡರು.

ಆಗ ಹುಡುಗಿ ಎದ್ದಳು. ಆಮೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೊದಲ ಚೌಕದಲ್ಲಿ ತಾನೇ ನಿಂತಳು. ಟೀಚರ ಮುಖ ನೋಡುತ್ತ ಮುಷ್ಟಿ ಕಟ್ಟಿ ತೋರಿಸಿದಳು: ಏನೂ ಇಲ್ಲ. ಮುಂದಿನ ಚೌಕಕ್ಕೆ ಕಾಲಿಟ್ಟು ಒಂದು ಬೆರಳು. ಆಮೇಲೆ ಎರಡು, ಮೂರು. ಎಲೆಯ ಹತ್ತಿರ ನಿಂತಾಗ ನಾಲ್ಕೇ ಬೆರಳು. ವಾಪಸು ಬಂದು ಆಮೆಯನ್ನಿಟ್ಟು ನಾಲ್ಕು ಸಲ ಒತ್ತಿದಳು. ಆಮೆ ಹೋಗಿ ಎಲೆಯ ಮೇಲೆಯೇ ನಿಂತಿತು.

ಬ್ಯಾಟರಿಯ ನೆಪ ಇನ್ನೂ ಬಿಸಿಬಿಸಿಯಾಗಿ ಕೈಗೆಟಕುವಂತಿತ್ತು. ಇಪ್ಪತ್ತಾರು ವರ್ಷದಲ್ಲಿ ಮಕ್ಕಳೆದುರು ತಪ್ಪಾಯಿತು ಎಂದವರಲ್ಲ ಟೀಚರು. ಹುಡುಗಿಯ ಜಡೆ ಮತ್ತೆ ಬಿಚ್ಚಿತ್ತು.

"ಬ್ಯಾಟರಿ ಚೆನ್ನಾಗಿದೆ ಸಾರ್" ಎಂದರು. "ನನ್ನ ಲೆಕ್ಕ ತಪ್ಪು. ನಿಂತ ಚೌಕವನ್ನೂ ಎಣಿಸ್ತಿದ್ದೆ. ಇವಳು ನನಗೆ ಪಾಠ ಹೇಳಿದಳು."

"ಆದರೂ ಮಾತಾಡಲಿಲ್ಲವಲ್ಲ?"

"ವಾರವೆಲ್ಲ ನಾನೇ ಮಾತಾಡಿದೆ ಸಾರ್. ಆಮೆ ಕೇಳಿತಾ?"

ಹೆಡ್‌ಮಾಸ್ಟರು ತಮ್ಮ ಬೂಟನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. "ಎರಡಕ್ಕೆ ಕಳಿಸಿ" ಎಂದು ಕುರ್ಚಿಯಿಂದ ಬಿಡಿಸಿಕೊಂಡು ಎದ್ದರು. ಹುಡುಗಿ ಎಂದಿನಂತೆ ಬಂದು ಬೆನ್ನು ಹಾಕಿ ನಿಂತಳು. ಆ ದಿನ ಟೀಚರು ಜಡೆ ಕಟ್ಟಲು ತುಸು ಹೆಚ್ಚು ಹೊತ್ತು ತೆಗೆದುಕೊಂಡರು.

ಸಂಜೆ ಮನೆಯ ಮೆಟ್ಟಿಲ ಬುಡದಲ್ಲಿ ಮುಷ್ಟಿ ಕಟ್ಟಿ ನಿಂತು, ಆಮೇಲೆ ಒಂದೊಂದೇ ಬೆರಳು ಬಿಚ್ಚುತ್ತ ಹತ್ತಿದರು. ಮೇಲಿನಿಂದ ನೋಡುತ್ತಿದ್ದ ಯಜಮಾನರು ಕೇಳಿದರು: "ಎಷ್ಟಾಯ್ತೇ?"

"ಹನ್ನೊಂದು."

ಗೆದ್ದವರು ಯಾಕೋ ಗಾಬರಿಯಾದರು. "ಹುಷಾರಾಗಿದ್ದೀಯಾ?" ಎಂದು ಹಣೆ ಮುಟ್ಟಿ ನೋಡಿದರು.