ಹುಳದ ದಿನಗಳಲ್ಲಿ ಕೊರಿಯಾದ ಊಟ

ಗೂಡಿನ ರೇಟು ಏರಿ ಏರಿ ನಮ್ಮ ಅಕ್ಕೂರಿನ ಕಡೆ ಎಲ್ಲರಿಗೂ ರೇಷ್ಮೆಯ ಹುಚ್ಚು ಹಿಡಿದಿದ್ದ ಕಾಲವದು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಹಿಪ್ಪುನೇರಳೆ ನೆಟ್ಟರು, ದನದ ಕೊಟ್ಟಿಗೆಗೆ ಸುಣ್ಣ ಬಳಿದು ಹುಳದ ಮನೆ ಮಾಡಿಕೊಂಡರು. ನಮ್ಮ ಯಜಮಾನರಂತೂ ಹೊಸದೊಂದು ಹುಳದ ಮನೆಯನ್ನೇ ಕಟ್ಟಿಸಿಬಿಟ್ಟರು. ಕಟ್ಟಿಸಿದ್ದೇನೋ ಸರಿ, ಅಷ್ಟು ಹುಳ ನೋಡಿಕೊಳ್ಳುವುದಕ್ಕೆ ಕೈ ಎಲ್ಲಿಂದ ತರೋದು? ಕೂಲಿಯವರು ಕರೆದರೂ ಬರುತ್ತಿರಲಿಲ್ಲ. ಆಗ ಅವರ ಕಣ್ಣು ಬಿದ್ದದ್ದು ಮಗಳ ಮೇಲೆ.

ಮಗಳು ಆಗ ರಾಮನಗರದ ಬೆಟ್ಟಗಳ ಕಡೆ, ಹೆದ್ದಾರಿಯಿಂದ ಒಳಕ್ಕಿರುವ ಒಂದು ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಆ ಅಡುಗೆಮನೆಯ ಯಜಮಾನಿ ಕೊರಿಯಾದವಳು, ಫ್ರಾನ್ಸಿಗೆ ಹೋಗಿ ಅಡುಗೆ ಕಲಿತವಳು. ಎರಡೂ ದೇಶದ ಅಡುಗೆ ಬೆರೆಸಿ ಬಡಿಸುತ್ತಿದ್ದಳು. ಅಂಥವಳ ಕೈಕೆಳಗೆ ಕೆಲಸ ಹಿಡಿಯುವುದಕ್ಕೆ ನನ್ನ ಮಗಳು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು. ಇವರಿಗೆ ಮಾತ್ರ ನೆನಪಿದ್ದದ್ದು ಒಂದೇ: ಚಿಕ್ಕವಳಿದ್ದಾಗ ಅವಳು ಮುಟ್ಟಿದ ಮರಿಹುಳ ಕೆಟ್ಟದ್ದೇ ಇಲ್ಲ, ಅವಳ ಕೈಗುಣ ಅಂಥದ್ದು.

"ಈ ಬೆಳೆ ಗೂಡಾಗೋ ವೊತ್ಗೆ ಕೆಲ್ಸ ಬುಟ್ಟು ಬಂದ್ಬುಡ್ಲಿ. ಅನ್ನ ಬೇಯ್ಸಾಕೆ ಅಲ್ಲೇ ಯಾಕಿರ್ಬೇಕು? ಇಲ್ಲೇ ಬೇಯ್ಸ್ಲಿ" ಅಂದರು.

ನನಗೆ ಮೈ ಉರಿದುಹೋಯಿತು. "ಯಾರನ್ನ ಕೇಳಿ ಅಷ್ಟು ದೊಡ್ಡ ಮನೆ ಕಟ್ಟಿಸಿದ್ರಿ? ನಿಮ್ ಹುಳಕ್ಕೆ ನನ್ ಮಗಳು ಜೀತ ಮಾಡ್ಬೇಕಾ?" ಅಂದೆ.

ಮಗಳು ಮಾತ್ರ ಜಗಳ ಆಡಲಿಲ್ಲ. ಫೋನಿನಲ್ಲಿ, "ಅಪ್ಪ ಒಂದ್ಸಲ ಬಂದು ನಾನು ಮಾಡಿದ್ದನ್ನ ಉಂಡು ನೋಡ್ಲಿ ಕಣವ್ವ. ಉಂಡ್ಮೇಲೂ ಬಾ ಅಂದ್ರೆ ಬಂದ್ಬುಡ್ತೀನಿ" ಅಂದಳು. ಆವತ್ತೇ ತೀರ್ಮಾನ ಮಾಡಿದೆ. ಈ ಮನುಷ್ಯನನ್ನು ಎಳೆದುಕೊಂಡಾದರೂ ಹೋಗಿ ಆ ಟೇಬಲ್ಲಿನ ಮುಂದೆ ಕೂರಿಸದೆ ಬಿಡುವುದಿಲ್ಲ ಅಂತ.

ಆ ಹೋಟೆಲಿನಲ್ಲಿ ಊಟಕ್ಕೆ ಜಾಗ ಸಿಕ್ಕ ದಿನಕ್ಕೆ ಸರಿಯಾಗಿ ನಮ್ಮ ಹುಳಗಳು ನಾಲ್ಕನೇ ಜ್ವರ ಮುಗಿಸಿ ಎದ್ದು ಸೊಪ್ಪಿಗೆ ಬಿದ್ದಿದ್ದವು. ಪೊರೆ ಬಿಡುವುದಕ್ಕೆ ಮುಂಚೆ ಹುಳ ಮೇವು ಬಿಟ್ಟು ಮಂಕಾಗಿ ಕೂರುವುದನ್ನು ನಮ್ಮ ಕಡೆ ಜ್ವರ ಅಂತಲೇ ಅನ್ನೋದು. ಹುಳ ಇರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೆಳ್ಳುಳ್ಳಿ ಜಜ್ಜುವಂತಿಲ್ಲ, ಮೀನು ತರುವಂತಿಲ್ಲ, ಬೀಡಿ ಸೇದುವಂತಿಲ್ಲ, ಊದುಬತ್ತಿಯನ್ನೂ ಹಚ್ಚುವಂತಿಲ್ಲ. ವಾಸನೆ ತಾಗಿದರೆ ಹುಳ ಮೇವು ಬಿಡುತ್ತದೆ ಅನ್ನುವ ಭಯ. ಮುದ್ದೆ, ಬೇಳೆಕಟ್ಟು, ಉಪ್ಪು, ಮಜ್ಜಿಗೆ, ಅಷ್ಟೇ ನಮ್ಮ ಊಟ.

"ಬತ್ತೀನಿ ಬುಡು, ಹಟ ಹಿಡ್ದಿದ್ದೀಯ. ಆದ್ರೆ ಬೆಳ್ಳುಳ್ಳಿ, ಮೀನು ಹಾಕಿರೋದ್ನ ನಾನು ಮುಟ್ಟಾಕಿಲ್ಲ" ಅಂದರು. ಎಂಥ ಕಿಲಾಡಿ ನೋಡಿ! ಬೆಳ್ಳುಳ್ಳಿ, ಮೀನು ಇಲ್ಲದೆ ಕೊರಿಯಾದವರ ಅಡುಗೆಯೇ ನಡೆಯುವುದಿಲ್ಲ ಅಂತ ಮಗಳೇ ಹಿಂದೊಮ್ಮೆ ಹೇಳಿದ್ದಳು. ಉಣ್ಣದೆ ಎದ್ದು ಬಂದರೆ ಅವರೇ ಗೆದ್ದಂತೆ.

ಮಧ್ಯಾಹ್ನದ ಸೊಪ್ಪು ಹಾಕುವ ಕೆಲಸವನ್ನು ವಾರಗಿತ್ತಿಗೆ ಒಪ್ಪಿಸಿ ಹೊರಟೆವು. ಹೋಟೆಲಿನ ಬಾಗಿಲಿಗೆ ಹೋದವರೇ ಇವರು ಚಪ್ಪಲಿ ಬಿಟ್ಟು, ಕಾಲು ತೊಳೆಯುವುದಕ್ಕೆ ನೀರು ಹುಡುಕಿದರು. ಹುಳದ ಮನೆಗೆ ಹೋಗಿ ಹೋಗಿ ಅಭ್ಯಾಸ. "ಪರವಾಗಿಲ್ಲ ಸಾರ್, ಹಾಗೇ ಬನ್ನಿ" ಅಂದ ಬಾಗಿಲಲ್ಲಿ ನಿಂತವನು. "ಹಂಗೆಂಗಪ್ಪಾ ಬರೋದು?" ಅಂತ ಇವರು ಗಿಡಗಳಿಗೆ ನೀರು ಬಿಡುವ ನಲ್ಲಿಯಲ್ಲಿ ಕಾಲು ತೊಳೆದರು. ನಗು ಬಂತು, ಆದರೆ ನಾನೂ ತೊಳೆದೆ. ಮಿರಮಿರ ಹೊಳೆಯುವ ಮರದ ನೆಲದ ಮೇಲೆ ನಮ್ಮಿಬ್ಬರದೂ ಒದ್ದೆ ಹೆಜ್ಜೆ ಮೂಡಿದವು. ಮೂಡಲಿ ಬಿಡಿ.

ಕೂತ ಕೂಡಲೇ ಬಿಸಿ ಟವೆಲು ತಂದುಕೊಟ್ಟರು. ಇವರು ಕೈ ಹಿಂದಕ್ಕೆಳೆದುಕೊಂಡು, "ಸೆಂಟ್ ಹಾಕವ್ರೆ, ಬ್ಯಾಡ" ಅಂದರು. ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಏನೋ ಬಂತು. ಬೆಣ್ಣೆಯಲ್ಲಿ ಹುರಿದ ಬೆಳ್ಳುಳ್ಳಿ, ಜೊತೆಗೆ ಒಣಮೀನು. ಘಮ್ಮೆಂದಿತು.

"ಅಯ್ಯಯ್ಯಪ್ಪ! ಏಳೇ ಮೇಲೆ, ಬಟ್ಟೆಗೆಲ್ಲ ಹಿಡ್ಕತದೆ!"

ಅವರ ಹೆಗಲ ಮೇಲಿನ ವಸ್ತ್ರದ ತುದಿ ಗಟ್ಟಿಯಾಗಿ ಹಿಡಿದೆ. "ಕೂತ್ಕಳಿ ಸುಮ್ಕೆ. ತಟ್ಟೆ ಬರೋಗಂಟ ನಾನಂತೂ ಏಳಾಕಿಲ್ಲ." ಗಾಜಿನ ಗೋಡೆಯಾಚೆ ಅಡುಗೆಮನೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಮಗಳು ಬಗ್ಗಿ ಕೆಲಸ ಮಾಡುತ್ತಿದ್ದಳು. ಒಂದು ಸಲವೂ ತಲೆ ಎತ್ತಲಿಲ್ಲ.

ಮೊದಲು ಬಂದದ್ದು ಸಿಹಿಗುಂಬಳದ ಗಂಜಿ. ಇವರು ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ ಮೂಸಿ ನೋಡಿದರು. ಸಮಾಧಾನವಾಗಲಿಲ್ಲ. ಬಡಿಸುವವನನ್ನು ಕರೆದು, "ಬೆಳ್ಳುಳ್ಳಿ ಐತೇನಪ್ಪಾ ಇದ್ರಾಗೆ?" ಅಂತ ಕೇಳಿದರು.

"ಇಲ್ಲ ಸಾರ್. ಈ ಟೇಬಲ್ಲಿಗೆ ಬೆಳ್ಳುಳ್ಳಿ, ಮೀನು, ಒಗ್ಗರಣೆ ಯಾವುದೂ ಬೇಡ ಅಂತ ನಿಮ್ಮ ಮಗಳು ಮೊದಲೇ ಹೇಳಿದ್ದಾರೆ. ಬೆಳಿಗ್ಗೆಯಿಂದ ಬೇರೆ ಪಾತ್ರೆ, ಬೇರೆ ಒಲೆ ಇಟ್ಟುಕೊಂಡು ಒಬ್ಬರೇ ಮಾಡಿದ್ದಾರೆ."

ಇವರು ನನ್ನ ಮುಖ ನೋಡಿದರು. ನನಗೇನು ಗೊತ್ತು? ನಾನೂ ಹೇಳಿರಲಿಲ್ಲ. ಚಮಚ ಎತ್ತಿಕೊಂಡರು.

ಆಮೇಲೆ ಬೆಣ್ಣೆಯ ತಿಳಿಸಾರಿನಲ್ಲಿ ಕೂರಿಸಿದ ಸೋಯಾದ ಗಟ್ಟಿ ಮೊಸರಿನಂಥದ್ದು ಬಂತು, ಬಾಯಲ್ಲಿಟ್ಟರೆ ಕರಗುತ್ತಿತ್ತು. ಆಮೇಲೆ ಒಂದು ಪುಟ್ಟ ಮಡಕೆಯಲ್ಲಿ ಅನ್ನ. ಮುಚ್ಚಳ ತೆಗೆದವರೇ ಇವರು ಕೂಗಿದರು: "ಲೇ, ಇದು ನಮ್ ಸೊಪ್ಪು ಕಣೇ! ನಾನೇನು ಹುಳಾನಾ?" ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಕೊರಿಯಾದಲ್ಲಿ ಹಿಪ್ಪುನೇರಳೆ ಎಲೆ ಹಾಕಿ ಅನ್ನ ಮಾಡುತ್ತಾರಂತೆ. ಇವರು ಒಂದು ಎಲೆ ಬಿಡಿಸಿ ಬೆಳಕಿಗೆ ಹಿಡಿದು, "ಎಳೇದು. ಮರಿಹುಳಕ್ಕೆ ಹಾಕೋ ಅಂಥದ್ದು" ಅಂದರು. ತುತ್ತು ಬಾಯಿಗಿಟ್ಟುಕೊಂಡರು. ಇನ್ನೊಂದು. ಮತ್ತೊಂದು. ಮಡಕೆಯ ತಳವನ್ನು ಬೆರಳಲ್ಲೇ ಬಳಿದರು. ನಾನು ಗೆದ್ದೆ ಅಂದುಕೊಂಡು ಬೀಗುತ್ತಿದ್ದೆ.

ಊಟ ಮುಗಿದ ಮೇಲೆ ಮಗಳು ಹೊರಗೆ ಬಂದಳು. ನಮ್ಮ ಟೇಬಲ್ಲಿನ ಹತ್ತಿರಕ್ಕೆ ಬರದೆ ದೂರದಲ್ಲೇ ನಿಂತುಬಿಟ್ಟಳು.

"ಯಾಕವ್ವ ಅಲ್ಲೇ ನಿಂತ್ಕಂಡೆ?" ಅಂದರು ಇವರು.

"ಆ ಅಡ್ಗೆಮನೇಲಿ ನಿಂತು ಮೈಯೆಲ್ಲ ಬೆಳ್ಳುಳ್ಳಿ ವಾಸ್ನೆ ಕಣಪ್ಪ. ಮನೇಲಿ ಹುಳ ಅವಲ್ಲ."

ಇವರು ತಲೆ ತಗ್ಗಿಸಿದರು. ಯಾರಿಗೋ ಹೇಳುವಂತೆ, "ಇಂಗೆ ಹುಳದ ಯೋಚ್ನೆ ಮಾಡೋ ಕೈಯ ನಾನು ಇನ್ನೆಲ್ಲಿ ಹುಡುಕ್ಲಿ" ಅಂದರು. ಉಣ್ಣಿಸಿ ಗೆಲ್ಲುತ್ತೇವೆ ಅಂದುಕೊಂಡರೆ, ಆ ಊಟವೇ ಅವಳು ಇನ್ನೂ ಬೇಕು ಅನ್ನಿಸುವಂತೆ ಮಾಡಿಬಿಟ್ಟಿತಲ್ಲ! ಮಗಳ ಮುಖ ಬಿಳಿಚಿಕೊಂಡಿತು. ಆದರೂ ಆಡಿದ ಮಾತಿಗೆ ತಪ್ಪುವವಳಲ್ಲ. "ನೀನು ಏನ್ ಹೇಳ್ತೀಯೋ ಅಂಗೇ ಅಪ್ಪ" ಅಂದಳು.

ಇವರು ಎದ್ದರು. ನೆಟ್ಟಗೆ ಅವಳ ಹತ್ತಿರ ಹೋಗಿ, ಆ ಬೆಳ್ಳುಳ್ಳಿ ವಾಸನೆಯ ಕೋಟಿನ ಸಮೇತ ಅವಳನ್ನು ಎದೆಗೆ ಒತ್ತಿಕೊಂಡರು.

"ಅಪ್ಪಾ, ಹುಳ!" ಅಂತ ಅವಳು ಕೊಸರಿಕೊಂಡಳು.

"ಇವತ್ತು ನಿಮ್ ಚಿಕ್ಕವ್ವ ಸೊಪ್ಪು ಹಾಕ್ತಾಳೆ. ನಾನು ಒಂದಿನ ಹುಳದ್ ಮನೆ ಒಳೀಕೆ ಹೋಗ್ದಿದ್ರೆ ಹುಳ ಸಾಯಾಕಿಲ್ಲ" ಅಂದರು. "ನೀನು ಇಲ್ಲೇ ಇರು ಮಗ."