ಲ್ಯಾಮಿನೇಷನ್ ಆದ ಇಸಿಜಿ

ನನ್ನ ಗಂಡನ ಅಣ್ಣ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ದೊಡ್ಡ ಪಾಲಿಸಿ ಕೇಳುವವರ ಅರ್ಜಿಯ ಜೊತೆ ಇಸಿಜಿ ಬರುತ್ತಿತ್ತು. ಅದಕ್ಕೆ ಪಿನ್ನು ಚುಚ್ಚಿ ಮೇಲಿನವರಿಗೆ ಕಳಿಸುವುದು ಇವರ ಕೆಲಸ. ಪಿನ್ನು ಚುಚ್ಚಿ ಚುಚ್ಚಿಯೇ ಅರ್ಧ ಹೃದಯತಜ್ಞರಾಗಿಬಿಟ್ಟಿದ್ದರು. ವಿಮಾನಪುರದ ನಮ್ಮ ಬೀದಿಯಲ್ಲಿ ಯಾರು ಎದೆನೋವೆಂದು ಡಾಕ್ಟರ ಹತ್ತಿರ ಹೋಗಿ ಬಂದರೂ ಇಸಿಜಿ ಭಾವನ ಕೈಗೆ ಬರಬೇಕು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗೆರೆಯ ಮೇಲೆ ಬೆರಳಾಡಿಸಿ, "ಇವ್ರಿಗೆ ಇನ್ನೂ ಇಪ್ಪತ್ತು ವರ್ಷ ತೊಂದ್ರೆ ಇಲ್ಲ" ಎಂದೋ, "ಇವ್ರು ಮಗಳ ಮದುವೆ ಬೇಗ ಮುಗಿಸ್ಕೊಳ್ಳೋದು ಒಳ್ಳೇದು" ಎಂದೋ ಅಪ್ಪಣೆ ಕೊಡಿಸುತ್ತಿದ್ದರು. ಬಂದವರು ಕಾಫಿ ಕುಡಿದು ಕೈಮುಗಿದು ಹೋಗುತ್ತಿದ್ದರು. ಕಾಫಿ ಮಾಡುತ್ತಿದ್ದವಳು ನಾನು.

ಮಾವ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ವರ್ಷ, ತಲೆಸುತ್ತು ಎಂದು ಬೆನ್ಸನ್ ಟೌನಿನ ಕ್ಲಿನಿಕ್ಕಿನಲ್ಲಿ ಅವರಿಗೂ ಇಸಿಜಿ ತೆಗೆಸಿದೆವು. "ಗೆರೆ ಸ್ವಲ್ಪ ಬೇರೆ ಥರ ಇದೆ, ಈಗೇನೂ ಭಯ ಇಲ್ಲ. ಕಾಗದ ಜೋಪಾನವಾಗಿಡಿ, ಮುಂದೆ ಬೇಕಾಗತ್ತೆ" ಎಂದರು ಅಲ್ಲಿಯ ಡಾಕ್ಟರು. ಜೋಪಾನ ಎಂದರೆ ಭಾವನಿಗೆ ಲ್ಯಾಮಿನೇಷನ್. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ದೇವಸ್ಥಾನದ ರಸೀದಿಯವರೆಗೆ ಎಲ್ಲಕ್ಕೂ ಪ್ಲಾಸ್ಟಿಕ್ಕು ಹೊದಿಸುವ ಹುಚ್ಚು. ಇಸಿಜಿಯನ್ನೂ ಶಿವಾಜಿನಗರದ ಅಂಗಡಿಗೆ ಒಯ್ದರು. ಆ ಕಾಗದವೋ ಬಿಸಿ ತಾಗಿದರೆ ಕಪ್ಪಾಗುವ ಜಾತಿಯದು. ಯಂತ್ರದಿಂದ ಆಚೆ ಬಂದಾಗ ಕಾಡಿಗೆ ಬಳಿದ ಹಾಗಿತ್ತು. ಇನ್ನೊಂದು ತೆಗೆಸಿದ್ದರೆ ಮುಗಿಯುತ್ತಿತ್ತು, ಆದರೆ ತಪ್ಪು ಮಾಡಿದೆನೆಂದು ಮನೆಯಲ್ಲಿ ಹೇಳಬೇಕಾಗುತ್ತಿತ್ತಲ್ಲ. ಆ ಕರಿ ಹಾಳೆಯನ್ನೇ ಫೈಲಿಗೆ ಸೇರಿಸಿ ಸುಮ್ಮನಾದರು.

ಎರಡು ವರ್ಷದ ನಂತರ ಒಂದು ಮಧ್ಯಾಹ್ನ ಮಾವನಿಗೆ ಎದೆನೋವು ಬಂತು. ನನ್ನ ಗಂಡ ಕೆಲಸದ ಮೇಲೆ ಪರವೂರಿನಲ್ಲಿದ್ದರು. ಅತ್ತೆ, ಭಾವ, ನಾನು ಸೇರಿ ಇಂದಿರಾನಗರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಇಸಿಜಿ ತೆಗೆದು ನೋಡಿದರು.

"ಹಾರ್ಟಿನ ಎಡಗಡೆ ಕರೆಂಟ್ ಸರಿಯಾಗಿ ಹೋಗ್ತಿಲ್ಲ. ಇದು ಮುಂಚಿಂದ ಇದ್ರೆ ಸ್ವಲ್ಪ ಕಾದು ನೋಡ್ಬಹುದು. ಈಗ ಬಂದಿದ್ರೆ ಅಟ್ಯಾಕ್ ಅಂತ್ಲೇ ತಗೊಂಡು ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ಬೇಕು. ಅದ್ರಿಂದ ಕೆಲವ್ರಿಗೆ ಮೆದುಳಲ್ಲಿ ರಕ್ತಸ್ರಾವ ಆಗತ್ತೆ. ಹಳೇ ಇಸಿಜಿ ಇದ್ಯಾ?"

ಭಾವ ಗತ್ತಿನಿಂದಲೇ ಫೈಲು ಕೊಟ್ಟರು. ಡಾಕ್ಟರಮ್ಮ ಕರಿ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಏನ್ರೀ ಇದು?" ಎಂದರು.

"ಅಂಗಡಿಯವ್ನು ಹಾಳು ಮಾಡ್ಬಿಟ್ಟ ಮೇಡಂ."

ನನಗೆ ವಿಷಯ ಗೊತ್ತಾದದ್ದು ಆಗ. "ಮುಂಚೆನೂ ಗೆರೆ ಬೇರೆ ಥರ ಇದೆ ಅಂದಿದ್ರು" ಎಂದೆ. "ಯಾವ ಥರ?" ಎಂದರು. ನನಗೇನು ಗೊತ್ತು? ಬೀದಿಯವರ ಆಯುಷ್ಯವನ್ನೆಲ್ಲ ಲೆಕ್ಕ ಹಾಕಿದ್ದ ಮಹಾನುಭಾವರಿಗೂ ಗೊತ್ತಿರಲಿಲ್ಲ. ಇಂಜೆಕ್ಷನ್ನಿಗೆ ಒಪ್ಪಿಗೆಯ ಸಹಿ ಯಾರು ಹಾಕುತ್ತೀರಿ ಎಂದು ಡಾಕ್ಟರಮ್ಮ ಕೇಳಿದ ಕೂಡಲೇ ಭಾವ, "ತಮ್ಮನಿಗೊಂದು ಫೋನ್ ಮಾಡಿ ಕೇಳೋಣ" ಎನ್ನುತ್ತ ಬಾಗಿಲಿಗೆ ಸರಿದು ಅಲ್ಲೇ ನಿಂತರು. ಅವರನ್ನು ನೋಡಿ ನನಗೆ ಹೇಸಿಗೆಯಾಯಿತು. ಮಾವ ಬೆವರುತ್ತಿದ್ದರು. "ಹಾಕಮ್ಮಾ" ಎಂದರು. ಹಾಕಿದೆ.

ಸಂಜೆಗೆ ನೋವು ಇಳಿಯಿತು. ಮರುದಿನ ಬೆಳಿಗ್ಗೆ ಮಾವನ ಮಾತು ತೊದಲಿತು, ಆಮೇಲೆ ನಿಂತೇಹೋಯಿತು. ಮೆದುಳಿನಲ್ಲಿ ರಕ್ತ ಸೋರಿತ್ತು. ಉಳಿಯಲಿಲ್ಲ. ಆ ಗೆರೆ ಹಳೆಯದಾಗಿತ್ತೋ ಹೊಸದೋ, ಇಂಜೆಕ್ಷನ್ ಬೇಕಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಕೂತ ಭಾವ ತಮ್ಮ ಕಚೇರಿಯವರಿಗೆ ಹೇಳುತ್ತಿದ್ದರು: "ನಾನಲ್ಲಿ ಇದ್ದಿದ್ರೆ ಆ ಇಂಜೆಕ್ಷನ್ ಕೊಡೋಕೆ ಬಿಡ್ತಾನೇ ಇರ್ಲಿಲ್ಲ. ಹೆಣ್ಮಕ್ಕಳು, ಗಾಬರಿಲಿ ಸೈನ್ ಮಾಡ್ಬಿಟ್ರು."

ನಾನು ಸಾರು ಬಡಿಸುತ್ತ ಅವರ ಎಲೆಯ ಹತ್ತಿರ ಬಂದಿದ್ದೆ. ಪಕ್ಕದ ಎಲೆಯಲ್ಲಿದ್ದ ನನ್ನ ಗಂಡ ತಲೆ ಎತ್ತಲಿಲ್ಲ. ದೊಡ್ಡ ಮಗನಿಗೆ ಎಂದೂ ಎದುರಾಡದ ಅತ್ತೆ ಗೋಡೆಗೆ ಒರಗಿ ಕೂತಿದ್ದರು.

"ಇದ್ದ್ಯಲ್ಲಪ್ಪಾ ನೀನು" ಎಂದರು. "ಬಾಗಿಲ ಹತ್ರ, ನನ್ನ ಪಕ್ಕದಲ್ಲೇ ನಿಂತಿದ್ದೆ. ಫೋನ್ ಮಾಡೋಕೂ ಹೋಗ್ಲಿಲ್ಲ."

ಭಾವ ಅನ್ನದಲ್ಲಿ ಗುಳಿ ಮಾಡಿಕೊಂಡು, ನನ್ನ ಮುಖ ನೋಡದೆ, "ಸಾರು ಹಾಕಮ್ಮಾ" ಎಂದರು. ನಾನು ಮುಂದಿನ ಎಲೆಗೆ ಹೋದೆ.