ಬೆಳ್ಳಿಯ ಜೇಡಹೂವು

ಥೆಲ್ಮಾ ಒಡವೆ ಮಾಡುವ ಬಗೆಯೇ ಬೇರೆ. ಕಾಡಿನಿಂದ ನೀಲಗಿರಿ ಕಾಯನ್ನೋ ಬ್ಯಾಂಕ್ಸಿಯಾ ಎಲೆಯನ್ನೋ ತಂದು, ಸುತ್ತ ಗಾರೆ ಮೆತ್ತಿ ಕುಲುಮೆಗಿಡುತ್ತಾಳೆ. ಒಳಗಿದ್ದದ್ದು ಸುಟ್ಟು ಬೂದಿಯಾಗುತ್ತದೆ; ಆ ಟೊಳ್ಳಿಗೆ ಬೆಳ್ಳಿ ಹುಯ್ಯುತ್ತಾಳೆ. ‘ನಕಲಲ್ಲ, ನಮ್ಮ ಮಣ್ಣಿನ ಗಿಡವೇ’ ಎಂದು ಅಂಗಡಿಯ ಬಾಗಿಲಿಗೆ ಬರೆಸಿದ್ದಾಳೆ. ಪರ್ತ್ ನಗರದಿಂದ ಬಂದವರು ಮುಗಿಬಿದ್ದು ಕೊಳ್ಳುತ್ತಾರೆ. ಪಕ್ಕದಲ್ಲೇ ಬೇಕರಿ ಇಟ್ಟಿರುವ ನನ್ನ ಬನ್ನನ್ನು ಮಾತ್ರ ಯಾರೂ ನಮ್ಮ ಮಣ್ಣಿನದು ಎನ್ನುವುದಿಲ್ಲ, ಹೋಗಲಿ ಬಿಡಿ.

ನಮ್ಮೂರಿನ ಹೆಮ್ಮೆ ಕೆಂಪು ಜೇಡಹೂವು, ಜೇಡನ ಕಾಲಿನಂಥ ಎಸಳುಗಳ ಪುಟ್ಟ ಆರ್ಕಿಡ್. ಗುಡ್ಡದ ಮೇಲೆ ಒಂದೇ ಗಿಡ ಉಳಿದಿದೆ. ಅದನ್ನು ಕಾಪಾಡಲು ಒಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ, ಡೆಸ್ಮಂಡ್. ಆ ಹೂವನ್ನು ಸರಿಯಾಗಿ ನೋಡಬೇಕಾದರೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಬೇಕು. ಸಂಘದವರಿಗೆಲ್ಲ ಮೊಣಕಾಲು ನೋವು. ಹಾಗಾಗಿ ಅವರು ಸಭಾಂಗಣದಲ್ಲಿ ಚಹಾ ಕುಡಿಯುತ್ತಲೇ ಅದನ್ನು ಕಾಪಾಡುತ್ತಾರೆ.

ಈ ವಸಂತದಲ್ಲಿ ಮಂತ್ರಿಣಿಯೊಬ್ಬರು ಬರುವವರಿದ್ದರು. ಡೆಸ್ಮಂಡ್ ಥೆಲ್ಮಾಳ ಅಂಗಡಿಗೆ ನುಗ್ಗಿದ.

“ಮಂತ್ರಿಗೆ ಕೋಟ್ ಮೇಲೆ ಚುಚ್ಚೋ ಪಿನ್ನು ಬೇಕು ಕಣಮ್ಮಾ. ಜೇಡಹೂವಿಂದು. ಅಸಲಿ!”

“ಅಸಲಿ ಅಂದ್ರೆ ಆ ಹೂವನ್ನೇ ಸುಡ್ಬೇಕು, ಡೆಸ್.”

“ಸುಡು! ಹೂವಿನ ಉಳಿವಿಗೇ ತಾನೇ ಮಾಡ್ತಿರೋದು? ಸಭೇಲಿ ಎಲ್ರೂ ಕೈ ಎತ್ತಿದ್ದಾರೆ.”

“ತಲೆ ನೆಟ್ಟಗಿದ್ಯೇನಯ್ಯಾ ನಿಮ್ಗೆ? ಮೇಣದಲ್ಲಿ ಕೆತ್ತಿ ಮಾಡ್ಕೊಡ್ತೀನಿ.”

“ಬಾಗಿಲಲ್ಲಿ ಬರ್ಸಿರೋದೇನು? ನಿನ್ ಕೈಲಿ ಆಗಲ್ಲ ಅಂದ್ರೆ ಕಿತ್ತು ಬೇರೆಯವ್ರಿಗೆ ಕೊಡ್ತೀನಿ.”

“ಬೇಡ, ನಾನೇ ಕೀಳ್ತೀನಿ,” ಎಂದಳು ಥೆಲ್ಮಾ.

ಕತ್ತರಿ ಹಿಡಿದು ಹೊರಟವಳ ಜೊತೆ ನಾನೂ ಹೋದೆ. ಹೊಟ್ಟೆಯ ಮೇಲೆ ಮಲಗಿ ನೋಡಿದಳು, ನೋಡಿದಳು, ಏಳಲೇ ಇಲ್ಲ.

“ನನ್ ಕೈಲಾಗಲ್ಲ ಕಣೇ ಎಡ್ನಾ,” ಎಂದಳು.

ಅಲ್ಲೇ ಅದರ ಚಿತ್ರ ಬರೆದುಕೊಂಡು, ಗಿಡ ಯಾರ ಕಣ್ಣಿಗೂ ಬೀಳದಂತೆ ಒಣಗಿದ ಕಡ್ಡಿ ಮುಚ್ಚಿ ಬಂದಳು. ಆಮೇಲೆ ಊಟ ನಿದ್ದೆ ಬಿಟ್ಟು ಮೇಣ ಕೆತ್ತಿದಳು. ಕೆಟ್ಟದ್ದನ್ನೆಲ್ಲ ಕರಗಿಸಿ, ಬೈದುಕೊಂಡು, ಮತ್ತೆ ಕೆತ್ತಿದಳು. ಕೊನೆಗೆ ಬೆಳ್ಳಿಯಲ್ಲಿ ಎರಕ ಹುಯ್ದಳು. ಇಷ್ಟು ವರ್ಷದಲ್ಲಿ ಅವಳು ಅಂಥದ್ದನ್ನು ಮಾಡಿರಲಿಲ್ಲ.

ಸಮಾರಂಭದಲ್ಲಿ ಡೆಸ್ಮಂಡ್ ಭೂತಗನ್ನಡಿ ಹಿಡಿದು ಪಿನ್ನನ್ನು ಮಂತ್ರಿಣಿಗೆ ತೋರಿಸಿದ.

“ಈ ಎಸಳಿನ ನರ ನೋಡಿ ಮೇಡಂ! ಮನುಷ್ಯರ ಕೈಲಿ ಆಗೋ ಕೆಲ್ಸವಾ ಇದು? ಥೆಲ್ಮಾ ಏನೂ ಮಾಡಿಲ್ಲ, ಬೆಂಕಿ ಹಚ್ಚಿದ್ಲು ಅಷ್ಟೆ.”

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಥೆಲ್ಮಾಳ ಮುಖ ಕೆಂಪೇರಿತು.

“ನಮ್ಮಕ್ಕನಿಗೂ ಇಂಥದ್ದೊಂದು ಸಿಗುತ್ತಾ?” ಎಂದರು ಮಂತ್ರಿಣಿ.

“ಅದಕ್ಕೇನಂತೆ! ಥೆಲ್ಮಾ, ಬರೋ ವರ್ಷದ ಹೂ—”

“ಗಿಡವೇ ಇಲ್ಲ,” ಎಂದಳು ಥೆಲ್ಮಾ. “ಬೇರು ಸಮೇತ ಕಿತ್ತೆ. ಅದೇ ಕೊನೇದು.”

ಸಂಘ ಎದ್ದು ನಿಂತು ಮೌನ ಆಚರಿಸಿತು. ಆಮೇಲೆ ನನ್ನ ಕೇಕಿನ ತಟ್ಟೆಗೆ ಕೈ ಹಾಕಿದ ಡೆಸ್ಮಂಡ್, ಎಲ್ಲರಿಗೂ ಕೇಳುವಂತೆ ಅಂದ:

“ಕೊನೇ ಗಿಡಾನೂ ಬಿಡ್ಲಿಲ್ವಲ್ಲ! ಎಂಥಾ ಹೆಂಗಸಪ್ಪಾ ಇವ್ಳು!”

ತಟ್ಟೆಯನ್ನು ಅವನ ತಲೆಗೆ ಕುಕ್ಕಬೇಕೆನಿಸಿತು. ಥೆಲ್ಮಾ ಮೇಜಿನಡಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, “ಸುಮ್ನಿರೇ,” ಎಂದಳು. ಅವಳ ಬೆರಳ ತುದಿಗಳಲ್ಲೆಲ್ಲ ಮೇಣ ಕೆತ್ತಿದಾಗಿನ ಗಾಯಗಳು ಇನ್ನೂ ಇದ್ದವು.